ಚಿಲಕವಿರುವ ಕೋಣೆ

ಮುದ್ದೆ ಮುರಿಯುವ ಮೊದಲೇ ಮುತ್ಯಾಲಮ್ಮ ತನ್ನ ತೀರ್ಮಾನ ಹೇಳಿಬಿಟ್ಟಳು.

"ರಾಮೇಶ್ವರದಲ್ಲಿ ಇಳ್ಕೊಳೋದು ಛತ್ರದಲ್ಲಿ. ನಮ್ ಕಡೆ ಜನ ಎಲ್ಲಾ ಅಲ್ಲೇ ಇಳಿಯೋದು. ದೊಡ್ಡ ಪಡಸಾಲೆ ಐತಂತೆ. ಗಂಡಸ್ರು ಒಂದ್ ಕಡೆ, ಎಂಗಸ್ರು ಒಂದ್ ಕಡೆ."

ಸೊಸೆ ನರಸಮ್ಮ ಗಂಡನ ತಟ್ಟೆಗೆ ಸೊಪ್ಪಿನ ಸಾರು ಬಿಡುತ್ತಿದ್ದಳು. ಸೌಟನ್ನು ಪಾತ್ರೆಯೊಳಗೆ ಹಾಕಿ, "ಅಂಗಾದ್ರೆ ನಾನು ಬರಲ್ಲ ಅತ್ತೆ," ಅಂದಳು.

"ನೀನು ಬರ್ದೆ ಇನ್ಯಾರು ಬರ್ಬೇಕು? ಯಾರ ಒಟ್ಟೆ ತುಂಬ್ಲಿ ಅಂತ ಓಗ್ತಾ ಇರೋದು?"

"ನನ್ ಒಟ್ಟೆಗೋಸ್ಕರ ಓಗೋದಾದ್ರೆ ನಾನು ಎಲ್ಲಿ ಮಲಗ್ಬೇಕು ಅಂತ ನನ್ನೇ ಕೇಳಿ. ಬಾಗ್ಲು ಇರೋ ಒಂದ್ ರೂಮು ನೋಡಿ. ಒಳಗಡೆಯಿಂದ ಚಿಲಕ ಇರ್ಬೇಕು."

ಮೈದುನ ಸೀನನ ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡಿತು. ಮಾವ ದೊಡ್ಡವೆಂಕಟಪ್ಪ ಕೆಮ್ಮು ಬಂದವನಂತೆ ಮುಖ ತಿರುಗಿಸಿದ. ಗಂಡ ಮುನಿಸ್ವಾಮಪ್ಪ ಮಾತ್ರ ತಟ್ಟೆ ನೋಡುತ್ತಾ ಉಣ್ಣುತ್ತಲೇ ಇದ್ದ. ಅವನು ನೆಲದಡಿಯಲ್ಲಿ ಬಂಡೆ ಕೊರೆಯುವ ಗಂಡಸು, ಮನೆಯಲ್ಲಿ ಅವ್ವನ ಎದುರು ತುಟಿ ಬಿಚ್ಚದವನು. ಇಂಥವರನ್ನು ಒಳ್ಳೆಯವರು ಅಂತ ಕರೆಯುವ ರೂಢಿ ನಮ್ಮಲ್ಲಿದೆ.

"ಕೇಳುಸ್ಕೊಂಡೇನ್ಲಾ ಮುನ್ಸಾಮಿ, ನಿನ್ ಎಂಡ್ತಿ ಮಾತ?" ಅಂದಳು ಮುತ್ಯಾಲಮ್ಮ. "ಮಾನ ಮರ್ಯಾದೆ ಏನಾದ್ರೂ ಉಳಿಸವ್ಳಾ?"

"ಊಟ ಮಾಡವ್ವ," ಅಂದ ಮಗ.

ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಾದ ಮೈಸೂರು ಮೈನ್ಸ್ ಲೈನಿನ ಆ ಮನೆ ಎಂದರೆ ಒಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ, ಮುಂದೆ ತಗಡಿನ ಮಾಡಿನ ಒಂದು ಜಗಲಿ. ಬಿದಿರು ತಟ್ಟಿಯ ಗೋಡೆಗೆ ಮಣ್ಣು ಮೆತ್ತಿದ್ದರು. ಪಕ್ಕದ ಮನೆಯವರು ಆಕಳಿಸಿದರೂ ಇಲ್ಲಿಗೆ ಕೇಳುತ್ತಿತ್ತು. ಗಣಿಯಲ್ಲಿ ಅಣ್ಣತಮ್ಮಂದಿರ ಶಿಫ್ಟು ಯಾವತ್ತೂ ಒಂದಾಗುತ್ತಿರಲಿಲ್ಲ. ಒಬ್ಬ ಬಂದು ಮಲಗುವ ಹೊತ್ತಿಗೆ ಇನ್ನೊಬ್ಬ ಎದ್ದು ಹೊರಡುತ್ತಿದ್ದ. ಹಗಲಾಗಲಿ ಇರುಳಾಗಲಿ ಆ ಕೋಣೆಯಲ್ಲಿ ಯಾರಾದರೊಬ್ಬ ಗಂಡಸು ನಿದ್ದೆ ಮಾಡುತ್ತಿರಲೇಬೇಕು. ಮಿಕ್ಕ ಜಾಗದಲ್ಲಿ ಕೆಮ್ಮುವ ಮಾವ, ಕಣ್ಣು ಮುಚ್ಚಿದರೂ ಕಿವಿ ಮುಚ್ಚದ ಅತ್ತೆ. ಬಾಗಿಲಿಗೆ ಹೊರಗಡೆ ಬೀಗ ಹಾಕುವ ಕೊಂಡಿ ಇತ್ತು, ಒಳಗಡೆ ಚಿಲಕ ಇರಲಿಲ್ಲ. ಶಿಫ್ಟು ಮುಗಿಸಿ ಬರುವವರಿಗೆ ಯಾರು ಎದ್ದೆದ್ದು ಬಾಗಿಲು ತೆಗೆಯಬೇಕು ಎಂದು ಮುತ್ಯಾಲಮ್ಮ ಹಾಕಿಸಿರಲೇ ಇಲ್ಲ.

ಮದುವೆಯಾಗಿ ಆರು ವರ್ಷವಾದರೂ ನರಸಮ್ಮನ ಮಡಿಲು ತುಂಬಿರಲಿಲ್ಲ. ಆ ಯುಗಾದಿಗೆ ಮುತ್ಯಾಲಮ್ಮ ಅರಿಶಿನದ ಬಟ್ಟೆಯಲ್ಲಿ ರೂಪಾಯಿ ಸುತ್ತಿ ರಾಮೇಶ್ವರದ ದೇವರಿಗೆ ಮುಡುಪು ಕಟ್ಟಿ ಕೋಣೆಯೊಳಗಿನ ಮೊಳೆಗೆ ತೂಗುಹಾಕಿದಳು. ನಯಾಪೈಸೆ ಬಂದ ಹೊಸತು. ಹೊಸ ಕಾಸು ದೇವರಿಗೆ ಗುರುತು ಸಿಗುತ್ತದೋ ಇಲ್ಲವೋ ಎಂದು ರಾಜನ ತಲೆಯಿರುವ ಹಳೆಯ ಬೆಳ್ಳಿ ರೂಪಾಯಿಯನ್ನೇ ಹುಡುಕಿ ಇಟ್ಟಿದ್ದಳು. ಗಂಡಹೆಂಡಿರು ಜೊತೆಯಾಗಿ ಅಲ್ಲಿಗೆ ಹೋಗಿ, ಸಮುದ್ರದಲ್ಲಿ ಮುಳುಗಿ, ನಾಗರಕಲ್ಲು ನಿಲ್ಲಿಸಿ, ದೇವರ ಮುಂದೆಯೇ ಮುಡುಪು ಬಿಚ್ಚಬೇಕು. ನಡುವೆ ಆ ಗಂಟನ್ನು ಯಾರೂ ಬಿಚ್ಚುವಂತಿಲ್ಲ, ಮೈಲಿಗೆಯಲ್ಲಿ ಮುಟ್ಟುವಂತಿಲ್ಲ. ಅಲ್ಲಿಯತನಕ ಇಬ್ಬರೂ ವ್ರತದಲ್ಲಿರಬೇಕು ಎಂದು ಮುತ್ಯಾಲಮ್ಮ ಮಗನ ಚಾಪೆಯನ್ನು ಅವತ್ತೇ ಜಗಲಿಗೆ ಎಸೆದಳು. ಮುನಿಸ್ವಾಮಪ್ಪನಿಗೆ ರಜಾ ಸಿಗುವುದು ಶ್ರಾವಣಕ್ಕೆ. ಮಗು ಬೇಕೆಂದು ಹರಕೆ ಹೊತ್ತು, ಮಗು ಬರುವ ದಾರಿಗೇ ಅಡ್ಡ ಕೂತ ಈ ಜಾಣತನ ಆ ಮನೆಯಲ್ಲಿ ನರಸಮ್ಮನೊಬ್ಬಳನ್ನು ಬಿಟ್ಟು ಇನ್ನಾರಿಗೂ ಕಾಣಿಸಲಿಲ್ಲ.

ಅವಳು ಕೇಳಿದ್ದು ಹೆಚ್ಚೇನೂ ಅಲ್ಲ. ಕಲ್ಲು ನಿಲ್ಲಿಸಿದ ಮೇಲೆ ವ್ರತ ಮುಗಿಯುತ್ತದೆ. ಆಮೇಲೆ ಆ ದ್ವೀಪದಲ್ಲಿ ಇರುವ ನಾಲ್ಕು ದಿನ ತನಗೂ ಗಂಡನಿಗೂ ಒಂದು ಕೋಣೆ ಇರಲಿ.

ಮುಂದಿನ ವಾರ ಮುನಿಸ್ವಾಮಪ್ಪ ಕೈ ತೊಳೆಯುತ್ತಾ, ಗೋಡೆಗೆ ಹೇಳಿದಂತೆ ಹೇಳಿದ. "ನಮ್ ಶಿಫ್ಟಿನ ಸೆಲ್ಲಯ್ಯ ಅವ್ನೆ. ಅವ್ನ ಚಿಕ್ಕಮ್ಮನ ಮನೆ ಅಲ್ಲಿ ಸಮುದ್ರದ ದಂಡೇಲೇ ಐತಂತೆ. ಎರಡು ರೂಮು ಬಾಡಿಗೆಗೆ ಕೊಡ್ತಾರಂತೆ. ಕಿಟಕಿ ತೆಗುದ್ರೆ ನೀರೇ ಕಾಣುಸ್ತೈತಂತೆ."

"ಚಿಲಕ ಐತಾ?" ಅಂದಳು ನರಸಮ್ಮ ಒಲೆಯ ಮುಂದಿನಿಂದ.

"ಐತಂತೆ."

ಮುತ್ಯಾಲಮ್ಮ ಅಕ್ಕಿ ಆರಿಸುವ ಮೊರವನ್ನು ಕುಕ್ಕಿದಳು. "ದಂಡೇಲಿ ಇರೋರು ಮೀನು ಇಡಿಯೋರು ಕಣ್ಲಾ. ಅಂಗಳದ ತುಂಬಾ ಮೀನು ಒಣಗಾಕಿರ್ತಾರೆ. ಆ ವಾಸ್ನೇಲಿ ಮಲಗೆದ್ದು ನಾಗಪ್ಪನ್ನ ಮುಟ್ತೀಯಾ?"

"ದಂಡೆ ಗಾಳಿ ಒಳ್ಳೇದಂತೆ ಕಣೆ," ಎಂದು ದೊಡ್ಡವೆಂಕಟಪ್ಪ ಜಗಲಿಯಿಂದ ಬಾಯಿ ಹಾಕಿದ. ಗಣಿಯ ಧೂಳು ಕುಡಿದು ಅವನ ಎದೆ ಹಾಳಾಗಿತ್ತು. "ಛತ್ರದಲ್ಲಿ ಒಗೆ ತುಂಬ್ಕೊಂಡಿರ್ತದೆ."

"ನಿಮ್ಮನ್ನ ಯಾರು ಕೇಳಿದ್ರು? ಸುಮ್ಕೆ ಕೆಮ್ಮುತಾ ಕೂತ್ಕೊಳ್ಳಿ."

"ನಾನು ಕೇಳ್ತೀನಿ ಅತ್ತೆ," ಅಂದಳು ನರಸಮ್ಮ. "ಆರು ತಿಂಗ್ಳಿಗೊಂದ್ಸಲ ಈ ಲೈನಲ್ಲೇ ಮೀನು ತಂದು ಉರೀತೀರಿ. ಆವಾಗ ಬರ್ದಿರೋ ವಾಸ್ನೆ ನಂಗೊಂದು ರೂಮು ಅಂದ್ರೆ ಎಲ್ಲಿಂದ ಬತ್ತದೆ?"

"ಎದುರು ಮಾತಾಡ್ಬೇಡ. ಛತ್ರಕ್ಕೆ ಏಳಿ ಕಳ್ಸಿದೀನಿ. ಮುಗೀತು."

ನಿಜಕ್ಕೂ ಹೇಳಿ ಕಳಿಸಿದ್ದಳು. ಹೋದ ವರ್ಷ ಹೋಗಿಬಂದಿದ್ದ ಬಂಗಾರಪೇಟೆಯವರೊಬ್ಬರ ಮೂಲಕ, ಎಲ್ಲರೂ ಪಡಸಾಲೆಯಲ್ಲೇ ಮಲಗುತ್ತೇವೆ ಎಂದು ಮಾತು ಮುಟ್ಟಿಸಿಯಾಗಿತ್ತು. ಮುನಿಸ್ವಾಮಪ್ಪ ಆ ವಿಷಯ ಮತ್ತೆ ಎತ್ತಲಿಲ್ಲ. ನರಸಮ್ಮ ಆ ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ. ಎಲ್ಲರೂ ಸಪ್ಪೆ ಸಾರು ಉಂಡು, ಯಾಕೆಂದು ಯಾರೂ ಕೇಳದೆ ಎದ್ದರು.

ಪ್ರಯಾಣಕ್ಕೆ ವಾರವಿದೆ ಎನ್ನುವಾಗ ಕ್ಯಾಸಂಬಳ್ಳಿಯ ಬಸ್ಸಿನಿಂದ ಒಂದು ಹುಡುಗಿ ಇಳಿದು ಬಂದಳು. ಕೈಯಲ್ಲಿ ತುಪ್ಪದ ಸೀಸೆ, ಕಂಕುಳಲ್ಲಿ ಬಟ್ಟೆಯ ಗಂಟು. ಮುತ್ಯಾಲಮ್ಮನ ಅಣ್ಣನ ಮಗಳು ಕದಿರಮ್ಮ. ವಯಸ್ಸಿಗೆ ಬಂದು ವರ್ಷವಾಗಿತ್ತು, ಎತ್ತರದ ಹುಡುಗಿ.

"ಯಾತ್ರೆಗೆ ಕೈಯಾಸರೆಗೆ ಇರ್ಲಿ ಅಂತ ಕರುಸ್ದೆ," ಅಂದಳು ಮುತ್ಯಾಲಮ್ಮ.

ನರಸಮ್ಮ ದೋಸೆಗೆ ರುಬ್ಬುತ್ತಿದ್ದಳು. ಗುಂಡು ನಿಲ್ಲಿಸಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರ ಕೈಗೆ ಆಸರೆ?"

ಮುತ್ಯಾಲಮ್ಮ ಮುಚ್ಚುಮರೆ ಮಾಡುವವಳಲ್ಲ. "ಕೇಳ್ದೆ ತಾನೆ, ಕೇಳುಸ್ಕೊ. ಕಲ್ಲು ನಿಲ್ಸಿ ಬಂದ್ ಮೇಲೂ ನಿಂಗೇನೂ ನಿಲ್ಲಲಿಲ್ಲ ಅಂದ್ರೆ, ದೀವಳಿಗೆ ಕಳೀತಿದ್ದಂಗೆ ಇವ್ಳ್ನ ಮುನ್ಸಾಮಿಗೆ ತಂದ್ಕೊಳೋದು. ನಮ್ಮಣ್ಣ ಒಪ್ಪವ್ನೆ."

ನರಸಮ್ಮ ಗುಂಡಿಗೆ ಮೆತ್ತಿದ ಹಿಟ್ಟನ್ನು ಬೆರಳಲ್ಲಿ ಬಳಿದಳು. "ಎಲ್ಲಿ ಮಲಗುಸ್ತೀರಾ ಇವ್ಳ್ನ? ಒಲೆ ಮೇಲಾ?"

"ಏನಂದೆ?"

"ಒಂದ್ ಎಂಡ್ತಿಗೇ ಜಾಗ ಇಲ್ದಿರೋ ಮನೆ ಇದು. ಇವ್ರು ರಾತ್ರಿ ಶಿಫ್ಟಿಗೆ ಓದ್ರೆ ಅಗಲು ನೀವೆಲ್ಲಾ ಸುತ್ಲೂ ಕೂತಿರ್ತೀರಿ. ಅಗಲು ಶಿಫ್ಟಿಗೆ ಓದ್ರೆ ರಾತ್ರಿ ಸಾಲಾಗಿ ಮಲಗಿರ್ತೀರಿ. ಮಕ್ಳು ಏನು ಮಳೇಲಿ ಉದುರ್ತವಾ?"

ಕದಿರಮ್ಮ ಸೀಸೆ ಹಿಡಿದುಕೊಂಡೇ ಗೋಡೆಗೆ ಒರಗಿದಳು. ಮುತ್ಯಾಲಮ್ಮನ ಮುಖ ಕೆಂಪಾಯಿತು.

"ನಾನು ಏಳು ಮಕ್ಳು ಎತ್ತಿಲ್ವಾ ಇದೇ ಕೋಣೇಲಿ? ಐದು ಮಣ್ಣಿಗಾಕ್ದೆ, ಎರಡು ಉಳುಸ್ಕೊಂಡೆ. ನಮ್ಮತ್ತೆ ಕೈ ಚಾಚುದ್ರೆ ಸಿಗೋವಷ್ಟು ದೂರದಲ್ಲಿ ಮಲಗಿರ್ತಿದ್ಲು. ಸೆರಗು ಬಾಯಲ್ಲಿ ಕಚ್ಕೊಂಡು ಸಂಸಾರ ಮಾಡಿದೀನಿ ಕಣೆ ನಾನು. ನಿಂಗ್ ಮಾತ್ರ ಅರಮನೆ ಬೇಕಾ?"

ಆ ಮಾತಿಗೆ ನರಸಮ್ಮನಿಗೆ ಅತ್ತೆಯ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. "ಆ ಸೆರಗ ನನ್ ಬಾಯಿಗೂ ಯಾಕೆ ತುರುಕ್ತೀರಾ ಅತ್ತೆ?" ಅಂದು ಮತ್ತೆ ಗುಂಡು ತಿರುಗಿಸತೊಡಗಿದಳು. ಆಮೇಲೆ ಹೊರಡುವ ದಿನದವರೆಗೂ ಅವರಿಬ್ಬರ ನಡುವೆ ಮಾತು ನಡೆದದ್ದು ಸೀನನ ಮೂಲಕ. ಅಕ್ಕಿ ಎಷ್ಟು ಹಾಕಬೇಕು ಎಂದು ಸೀನನನ್ನು ಕೇಳುವುದು, ಸೀನ ತಿರುಗಿ ಅವ್ವನನ್ನು ಕೇಳುವುದು. ಅವನಿಗೆ ಸಾಕಾಗಿ ಹೋಗಿತ್ತು.

ಹೊರಡುವ ದಿನವನ್ನೂ ಮುತ್ಯಾಲಮ್ಮ ಸೊಸೆಯ ಮುಟ್ಟು ಲೆಕ್ಕ ಹಾಕಿಯೇ ಇಟ್ಟಿದ್ದಳು. ನರಸಮ್ಮ ಹಿಂದಿನ ವಾರ ಜಗಲಿಯ ತುದಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಇಟ್ಟುಕೊಂಡು ಕೂತು, ಸ್ನಾನ ಮಾಡಿ ಒಳಗೆ ಬಂದಾಗಿತ್ತು. ಆ ಮುಟ್ಟಿನ ಚಾಪೆ ಮತ್ತೆ ಜಗಲಿಯ ತಗಡಿನ ಕೆಳಗೆ ಸಿಕ್ಕಿಸಿಡುವ ತನ್ನ ಜಾಗ ಸೇರಿತ್ತು. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಮುಡುಪನ್ನು ಎದೆಗವಚಿಕೊಂಡು ಮುತ್ಯಾಲಮ್ಮ ಮುಂದೆ ನಡೆದಳು. ಹಿಂದೆ ಟ್ರಂಕು, ಅಕ್ಕಿ ಮೂಟೆ, ಕೆಮ್ಮುವ ಗಂಡ, ಇಬ್ಬರು ಗಂಡುಮಕ್ಕಳು, ಸೊಸೆ, ಸೊಸೆಯಾಗಲಿರುವವಳು.

ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಬೇಕು. ಜೋಲಾರಪೇಟೆ ಕಡೆಯ ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಮ್ಮಿನ ಮೇಲೆ ಬುತ್ತಿ ಬಿಚ್ಚಿ ಚಿತ್ರಾನ್ನ ಹಂಚುತ್ತಾ ಮುತ್ಯಾಲಮ್ಮ ಛತ್ರದಲ್ಲಿ ಯಾರು ಎಲ್ಲಿ ಮಲಗಬೇಕೆಂದು ಹೇಳತೊಡಗಿದಳು. "ಕದಿರಿ ನನ್ ಪಕ್ಕ. ಅವ್ಳಾಚೆ ನರಸಿ. ಕಲ್ಲು ನಿಲ್ಸಿದ್ ಮೇಲೂ ಊರು ಸೇರೋ ತನಕ ವ್ರತ ಬಿಡೋದು ಬೇಡ. ದೇವ್ರ ಊರಲ್ಲಿ ಅಂಥದ್ದೆಲ್ಲಾ ಸರಿಯಿಲ್ಲ."

ನರಸಮ್ಮ ತುತ್ತು ಕೆಳಗಿಟ್ಟಳು. ಊರು ಸೇರಿದ ಮೇಲೆ ಅದೇ ಕೋಣೆ, ಅದೇ ಸಾಲು. ದೀವಳಿಗೆ ಬರುತ್ತದೆ. ಅವಳು ಕೈ ತೊಳೆದು ಹೆಂಗಸರ ವೇಟಿಂಗ್ ರೂಮಿನ ಕಡೆ ಹೋದಳು. ನೀರಿನ ಚೊಂಬು ಹಿಡಿದು ಕದಿರಮ್ಮನೂ ಹಿಂದೆಯೇ ಹೋದಳು.

ನರಸಮ್ಮ ತಿರುಗಿ ಬಂದು ಎಲ್ಲರಿಂದ ದೂರದಲ್ಲಿ ನಿಂತಳು. "ಅತ್ತೆ, ನಾನು ಮುಟ್ಟಾದೆ."

ಮುತ್ಯಾಲಮ್ಮ ಮಡಿಲಲ್ಲಿದ್ದ ಮುಡುಪನ್ನು ಎತ್ತಿಕೊಂಡು ಎದ್ದಳು. "ಓದ್ವಾರ ತಾನೆ ಕೂತು ಎದ್ದೆ?"

"ಮತ್ತೆ ಬಂತು. ಅದೇನು ನಿಮ್ಮ ಮಾತು ಕೇಳಿ ಬತ್ತದಾ?"

"ಸುಳ್ಳು ಬೊಗಳ್ತಾ ಇದೀಯಾ."

"ಸುಳ್ಳಾ? ಅಂಗಾದ್ರೆ ಕೊಡಿ ಮುಡುಪ ಇಲ್ಲಿ. ನಾನೇ ಇಡ್ಕೊತೀನಿ."

ನರಸಮ್ಮ ಕೈ ಚಾಚಿ ಎರಡು ಹೆಜ್ಜೆ ಮುಂದೆ ಬಂದಳು. ಮುತ್ಯಾಲಮ್ಮ ಬೆಂಕಿ ಕಂಡವಳಂತೆ ಹಿಂದೆ ಸರಿದು ಮುಡುಪನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಸುಳ್ಳೇ ಇರಬಹುದು. ಆದರೆ ನಿಜವಾಗಿದ್ದರೆ ಮುಡುಪು ಕೆಟ್ಟಿತು, ಮನೆತನ ಕೆಟ್ಟಿತು. ಅವಳು ಕದಿರಮ್ಮನ ಕಡೆ ತಿರುಗಿದಳು. "ನೀನು ಜೊತೇಲೇ ಇದ್ದೆ. ನೋಡ್ದೇನೆ? ನಿಜಾನಾ?"

ಕದಿರಮ್ಮ ಚೊಂಬಿನೊಳಗೆ ನೋಡಿದಳು. ಆಮೇಲೆ ತಲೆ ಎತ್ತಿ, "ಊಂ ಅತ್ತೆ. ನಿಜ," ಅಂದಳು.

ದೂರದಲ್ಲಿ ಗಾಡಿ ಕಾಣಿಸಿತು. ಕೂಲಿಗಳು ಎದ್ದರು. ಮುತ್ಯಾಲಮ್ಮ ಅಲ್ಲೇ ನಿಂತು ಸೊಸೆಯ ತವರನ್ನೆಲ್ಲ ಎಳೆದು ತಂದು ಬಯ್ದಳು. ಅಕ್ಕಪಕ್ಕದವರು ಬುತ್ತಿ ಬಿಟ್ಟು ನೋಡತೊಡಗಿದರು. "ಓಗು, ನೀನೊಬ್ಳೇ ವಾಪಸ್ ಓಗು. ಮುನ್ಸಾಮಿ, ಟ್ರಂಕು ಎತ್ಲಾ. ಗಾಡಿ ಬಂತು."

ಮುನಿಸ್ವಾಮಪ್ಪ ಟ್ರಂಕಿನ ಪಕ್ಕ ನಿಂತಿದ್ದ. ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಕೆಳಗಿಡಲಿಲ್ಲ. ಅವನು ಟ್ರಂಕನ್ನು ಎತ್ತಿ ಗಾಡಿಯೊಳಗೆ ಇಟ್ಟ. ಅಪ್ಪನನ್ನು ಕೈ ಹಿಡಿದು ಹತ್ತಿಸಿದ. ಆಮೇಲೆ ಕೆಳಗಿಳಿದು ತನ್ನ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ಎಂಡ್ತಿ ಇಲ್ದೆ ನಾನೊಬ್ನೇ ಕಲ್ಲು ನಿಲ್ಸೋಕಾಗಲ್ಲ ಅವ್ವ. ನೀವು ಓಗ್ಬನ್ನಿ."

"ಟಿಕೀಟು ತಗೊಂಡಾಗೈತಲ್ಲೋ."

"ಓಗ್ಲಿ ಬುಡು. ಬೀಗದ ಕೈ ಕೊಡು."

ಮುತ್ಯಾಲಮ್ಮ ಸೆರಗಿನ ಗಂಟು ಬಿಚ್ಚಿದಳು. ಮಗನ ಕೈಗೆ ಕೊಡಲಿಲ್ಲ, ಮುಟ್ಟಾದವಳ ಕಡೆಗೆ ಎಸೆಯುವಂತೆ ನೆಲಕ್ಕೆ ಎಸೆದಳು. ಅದು ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ನರಸಮ್ಮ ಬಗ್ಗಿ ಎತ್ತಿಕೊಂಡಳು. ಕಿಟಕಿಯಿಂದ ಕದಿರಮ್ಮ ಕೈಸನ್ನೆ ಮಾಡಿ ಕರೆದು, ಪಿಸುಮಾತಿನಲ್ಲಿ, "ಅಕ್ಕ, ನಂಗೆ ಸಮುದ್ರ ನೋಡ್ಬೇಕು ಅಷ್ಟೆ. ಇನ್ನೇನೂ ಬ್ಯಾಡ," ಅಂದಳು. ಗಾಡಿ ಹೊರಟಿತು.

ವಾಪಸು ಬರುವಾಗ ಮುನಿಸ್ವಾಮಪ್ಪ ಹೆಂಡತಿಯನ್ನು ಏನೂ ಕೇಳಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಒಂದು ಕಬ್ಬಿಣದ ಅಂಗಡಿಗೆ ಹೋಗಿ ಚಿಲಕ ಕೊಂಡ, ಮೊಳೆ ಕೊಂಡ. ಮನೆಗೆ ಬಂದು ಅಂಗಿ ಬಿಚ್ಚಿಟ್ಟು ಬಾಗಿಲಿನ ಒಳಮೈಗೆ ಬಡಿದು ಕೂರಿಸಿದ. ಪಕ್ಕದ ಮನೆಯವಳು ಬಂದು ಇಣುಕಿ, ಏನು ಸದ್ದು ಅಂದಳು. "ಬಾಗ್ಲು ರಿಪೇರಿ," ಅಂದಳು ನರಸಮ್ಮ, ಬಾಗಿಲು ಹಾಕಿಕೊಂಡಳು.

ಆ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಅವರು ಉಂಡರು, ಜಗಳವಾಡಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ನರಸಮ್ಮ ಗಂಡ ಗಟ್ಟಿಯಾಗಿ ನಗುವುದನ್ನು ಕೇಳಿದಳು.

ಮುತ್ಯಾಲಮ್ಮ ತಿರುಗಿ ಬಂದದ್ದು ಒಂದು ಮಟಮಟ ಮಧ್ಯಾಹ್ನ. ಬಾಗಿಲು ತಳ್ಳಿದಳು, ತೆರೆಯಲಿಲ್ಲ. ಭುಜ ಕೊಟ್ಟು ನೂಕಿದಳು. ಗಂಡ, ಸೀನ, ಕದಿರಮ್ಮ ಹಿಂದೆ ನಿಂತಿದ್ದರು. ಲೈನಿನ ಹೆಂಗಸರು ನಲ್ಲಿಯ ಹತ್ತಿರ ಕೊಡ ಇಟ್ಟು ನೋಡುತ್ತಿದ್ದರು. ಇಷ್ಟು ವರ್ಷ ಬಾಳಿದ ಮನೆಯ ಬಾಗಿಲನ್ನು ಅವಳು ಮೊದಲ ಸಲ ಕೈಯಿಂದ ಬಡಿದಳು. ಒಳಗೆ ಚಿಲಕ ಸರಿದ ಸದ್ದಾಯಿತು. ನರಸಮ್ಮ ತಲೆಗೂದಲು ಗಂಟು ಹಾಕುತ್ತಾ ಬಾಗಿಲು ತೆರೆದಳು.

"ಯಾವಾಗ ಆಕುಸ್ದೆ ಇದನ್ನ?"

"ರಾಮೇಶ್ವರದಲ್ಲಿ ಸಿಗ್ಲಿಲ್ವಲ್ಲ, ಇಲ್ಲೇ ಆಕುಸ್ಕೊಂಡ್ವಿ."

ಮುತ್ಯಾಲಮ್ಮ ಜಗಲಿಯ ತುದಿಗೆ ಹೋಗಿ ತಗಡಿನ ಕೆಳಗೆ ಕತ್ತೆತ್ತಿ ನೋಡಿದಳು. ಮುಟ್ಟಿನ ಚಾಪೆ ಇಟ್ಟ ಕಡೆಯೇ ಇತ್ತು. ಅದರ ತುದಿಯಿಂದ ಮಾಡಿನವರೆಗೆ ಬಲೆ ಹೆಣೆದುಕೊಂಡಿತ್ತು.

"ಚಾಪೆ ಮೇಲೆ ಜೇಡ ಮನೆ ಕಟ್ಟೈತೆ," ಅಂದಳು, ಎಲ್ಲರಿಗೂ ಕೇಳುವಂತೆ.

"ಅದಕ್ಕಾದ್ರೂ ಒಂದು ಮನೆ ಆಯ್ತಲ್ಲ ಬುಡಿ," ಅಂದಳು ನರಸಮ್ಮ.

ಅಂದಿನಿಂದ ಮುತ್ಯಾಲಮ್ಮ ಸೊಸೆ ಮಾಡಿದ್ದನ್ನು ಉಣ್ಣಲಿಲ್ಲ. ತನ್ನ ಮುದ್ದೆ ತಾನೇ ಬೇಯಿಸಿಕೊಂಡಳು. ಬಿಚ್ಚದೆ ತಂದ ಮುಡುಪು ಮತ್ತೆ ಅದೇ ಮೊಳೆಗೆ ಹೋಯಿತು. ಚಿಲಕ ಕೀಳು ಎಂದು ಸೀನನಿಗೆ ಹೇಳಿದಳು. ಸೀನ ಅಣ್ಣನ ಮುಖ ನೋಡಿದ. ಅಣ್ಣ, "ಕಿತ್ರೆ ನಾವು ಬೇರೆ ಲೈನಲ್ಲಿ ಮನೆ ಕೇಳ್ತೀವಿ," ಎಂದಷ್ಟೇ ಹೇಳಿ ಕೆಲಸಕ್ಕೆ ಹೋದ. ಮಗನ ಸಂಬಳವಿಲ್ಲದೆ ಆ ಒಲೆ ಉರಿಯುವುದಿಲ್ಲ, ಮುತ್ಯಾಲಮ್ಮ ಸುಮ್ಮನಾದಳು. ಮುನಿಸ್ವಾಮಪ್ಪನ ಚಾಪೆ ಮಾತ್ರ ಜಗಲಿಯಿಂದ ಒಳಗೆ ಬಂದದ್ದು ಬಂದದ್ದೇ.

ದೀವಳಿಗೆ ಹತ್ತಿರವಾದಾಗ ಕ್ಯಾಸಂಬಳ್ಳಿಯಿಂದ ಕದಿರಮ್ಮನ ಅಪ್ಪ ಬಂದ. ಯಾತ್ರೆಯಿಂದ ಊರಿಗೆ ಮರಳಿದ್ದ ಮಗಳು ಜೊತೆಗೆ ಬಂದಿರಲಿಲ್ಲ. ಎರಡನೆಯವಳಾಗಿ ಹೋಗಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ, ನಾಲ್ಕು ಬಾರಿಸಿ ಒಪ್ಪಿಸುತ್ತೇನೆ, ದಿನ ಗೊತ್ತು ಮಾಡಿ ಅಂದ. ಮುತ್ಯಾಲಮ್ಮ ಅಣ್ಣನಿಗೆ ಕೋಳಿ ಸಾರು ಮಾಡಿದಳು. ಬಡಿಸುವ ಕೆಲಸವನ್ನು ಬೇಕೆಂದೇ ನರಸಮ್ಮನಿಗೆ ಹೇಳಿದಳು. ಸಾರಿನ ಮುಚ್ಚಳ ತೆಗೆದದ್ದೇ ತಡ, ನರಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಮೋರಿಯ ಹತ್ತಿರ ಕೂತು ವಾಂತಿ ಮಾಡಿಕೊಳ್ಳುವುದು ಎಲ್ಲರಿಗೂ ಕೇಳಿಸಿತು. ತಗಡಿನ ಕೆಳಗಿನ ಚಾಪೆಯನ್ನು ಅವಳು ಇಳಿಸಿ ಎರಡು ತಿಂಗಳಾಗುತ್ತಾ ಬಂದಿದೆ ಎಂಬುದು ಮುತ್ಯಾಲಮ್ಮನಿಗೆ ಆಗ ಹೊಳೆಯಿತು. ದ್ವೇಷದಲ್ಲಿ ಲೆಕ್ಕ ಇಡುವುದನ್ನೇ ಮರೆತಿದ್ದಳು.

ನರಸಮ್ಮ ಮುಖ ಒರೆಸಿಕೊಂಡು ಒಳಗೆ ಬಂದಳು. ಮುತ್ಯಾಲಮ್ಮ ಎದ್ದು ನಿಂತಿದ್ದಳು.

"ನಾನು ಸಮುದ್ರದಲ್ಲಿ ಮೂರು ಮುಳುಗು ಮುಳುಗಿ ಬೇಡ್ಕೊಂಡಿದ್ದೆ," ಅಂದಳು ಅಣ್ಣನ ಕಡೆ ತಿರುಗಿ. "ದೇವ್ರು ಕೊಟ್ಟ."

"ದೇವ್ರಿಗೆ ನೀವೇನು ಕೊಟ್ರಿ? ಮುಡುಪು ಇಲ್ಲೇ ನೇತಾಡ್ತಾ ಐತೆ," ಅಂದಳು ನರಸಮ್ಮ. "ಯಾರು ಕೊಟ್ರೋ ಅವ್ರಿಗೆ ಸಲ್ಲುಸಿ. ತಗೊಂಡೋಗಿ ಆ ಚಿಲಕಕ್ಕೆ ಕಟ್ಟಿ."

ಕದಿರಮ್ಮನ ಅಪ್ಪ ಅರ್ಧ ಊಟದಲ್ಲೇ ಕೈ ತೊಳೆದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಬಸ್ಸಿಗೆ ಹೊತ್ತಾಯಿತು ಅಂದ. ಯಾರೂ ಇರು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ನರಸಮ್ಮ ನೀರು ತಂದು ಕೊಡ ಇಳಿಸುವಾಗ ನೋಡಿದಳು. ಮೊಳೆ ಖಾಲಿಯಿತ್ತು. ಮುಡುಪು ಬಾಗಿಲ ಮೇಲಿತ್ತು. ಅರಿಶಿನದ ಬಟ್ಟೆಯನ್ನು ಚಿಲಕಕ್ಕೂ ಹಲಗೆಯ ಮೇಲೆ ಅದು ಜಾರುವ ಬಳೆಗೂ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಮೇಲೆ ಕುಂಕುಮ ಇಟ್ಟಿತ್ತು. ಚಿಲಕ ಕೂದಲೆಳೆಯಷ್ಟೂ ಸರಿಯುವಂತಿರಲಿಲ್ಲ.

"ನೀನೇ ಏಳ್ದೆಯಲ್ಲ, ಕಟ್ಟಿದೀನಿ," ಅಂದಳು ಮುತ್ಯಾಲಮ್ಮ ಜಗಲಿಯಿಂದ. ತಿಂಗಳುಗಳ ಮೇಲೆ ಅವಳ ದನಿಯಲ್ಲಿ ಗೆಲುವಿತ್ತು. "ಕೂಸು ಎತ್ಕೊಂಡು ರಾಮೇಶ್ವರಕ್ಕೆ ಓಗಿ ಬಿಚ್ಚೋ ತನಕ ಯಾರೂ ಮುಟ್ಟಂಗಿಲ್ಲ. ಆವಾಗ್ಲೂ ಇಳ್ಕೊಳೋದು ಛತ್ರದಲ್ಲೇ."

ನರಸಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು. ಆದರೆ ಆ ಗಂಟಿಗೆ ಕೈ ಹಾಕುವ ಧೈರ್ಯ ಅವಳಿಗೂ ಇರಲಿಲ್ಲ. ಹೊಟ್ಟೆಯಲ್ಲಿ ಈಗ ಒಂದು ಜೀವವಿತ್ತು.

ಅಷ್ಟು ಹೊತ್ತಿಗೆ ಮುನಿಸ್ವಾಮಪ್ಪ ರಾತ್ರಿ ಶಿಫ್ಟು ಮುಗಿಸಿ ಬಂದ. ಬಾಗಿಲನ್ನು ನೋಡಿದ, ಅವ್ವನನ್ನು ನೋಡಿದ, ಒಳಗೆ ಗೋಡೆಗೆ ಆತು ನಿಂತ ಹೆಂಡತಿಯನ್ನು ನೋಡಿದ. ಸೀನ ಕೆಲಸಕ್ಕೆ ಹೋಗಿದ್ದ. ಅಪ್ಪ ಬೇವಿನ ಮರದ ಪಕ್ಕ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಮುನಿಸ್ವಾಮಪ್ಪ ಕೈಕಾಲು ತೊಳೆದು ಒಳಗೆ ಹೋದ. ಮೂಲೆಯ ಒರಳಿನಿಂದ ರುಬ್ಬುವ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ಎದೆಗಾನಿಸಿಕೊಂಡು ಬಾಗಿಲ ಬಳಿಗೆ ತಂದ.

"ಏನ್ಲಾ ಅದು?" ಅಂದಳು ಮುತ್ಯಾಲಮ್ಮ.

"ನಿದ್ದೆ ಮಾಡ್ಬೇಕು ಅವ್ವ. ಸ್ವಲ್ಪ ಆಚೆ ಸರ್ದು ಕೂತ್ಕೊ."

ನರಸಮ್ಮ ಒಳಗಿನಿಂದ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲಿನ ಹಿಂದೆ ಕಲ್ಲು ನೆಲಕ್ಕೆ ಕೂತು, ಹಲಗೆಗೆ ಒತ್ತಿಕೊಂಡ ಸದ್ದು ಮುತ್ಯಾಲಮ್ಮನಿಗೆ ಜಗಲಿಯ ಮೇಲೆ ಚೆನ್ನಾಗಿ ಕೇಳಿಸಿತು.